ತಳ ಹಿಡಿದ ಕಡಬು

ನಮ್ಮ ಓಣಿಯ ಸತ್ಯವ್ವ ಹೋಟೆಲಿನ ಮೆಟ್ಟಿಲು ತುಳಿದವಳಲ್ಲ. ಜಮಖಂಡಿ ಸಂತೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಂಡು ಬರುವ ಪೈಕಿ. ಅಂಥವಳು ಎಂಬತ್ತೆಂಟರ ಶ್ರಾವಣದಲ್ಲಿ ಮೂರು ಊರಿನ ಹೋಟೆಲುಗಳನ್ನು ಜಾಲಾಡಿದಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಇವಳು ಹೋಟೆಲು ತಿರುಗುತ್ತಾಳೆ ಎಂದು ರನ್ನ ಬೆಳಗಲಿಯ ಊರ ತುಂಬ ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬರೂ ಜೊತೆಗೆ ಹೋಗಲಿಲ್ಲ. ಹೋದವಳು ನಾನು, ಊರಿನ ಸಾಲಿಯಲ್ಲಿ ಪಾಠ ಹೇಳುವವಳು. ಆದ್ದರಿಂದ ಅವರ ಮಾತು ಬಿಡಿ, ನನ್ನದು ಕೇಳಿ.

ಸತ್ಯವ್ವನ ಗಂಡ ಹಣಮಂತ ಮಿಲ್ಟ್ರಿಯಲ್ಲಿದ್ದ. ಶಿಲ್ಲಾಂಗಿನಿಂದ ರಜೆಯ ಮೇಲೆ ಬರುವಾಗ ರೈಲಿನಲ್ಲೇ ಜ್ವರ ಹತ್ತಿಸಿಕೊಂಡು ಬಂದ. ಮುಧೋಳದ ಡಾಕ್ಟರು ಟೈಫಾಯ್ಡ್ ಎಂದರು. ಸೂಜಿ, ಗುಳಿಗೆ ಎಲ್ಲ ಆಗಿ ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ಹಸಿವನ್ನೂ ಎತ್ತಿಕೊಂಡು ಹೋಯಿತು. ಅನ್ನದ ವಾಸನೆ ಬಂದರೆ ಸಾಕು, ಆತ ಗೋಡೆಗೆ ತಿರುಗುತ್ತಿದ್ದ. ಗಂಜಿ ಕುಡಿಸಿದರೆ ವಾಂತಿ. ಎರಡು ಚೀಲ ಜೋಳ ಹೊತ್ತು ಅಟ್ಟ ಹತ್ತುತ್ತಿದ್ದ ಆಳು, ಕೌದಿಯ ಕೆಳಗೆ ಇದ್ದಾನೋ ಇಲ್ಲವೋ ಅನ್ನುವಷ್ಟು ಸವೆದು ಹೋದ.

ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು: "ಜಡ್ಡು ಹೋಗೇತಿ. ಇನ್ನ ಉಣ್ಣದಿದ್ರ ಆಳು ಉಳಿಯೂದಿಲ್ಲ. ಬಾಯಿ ಬಿಟ್ಟು ಏನ್ ಕೇಳತಾನೋ ಅದನ್ನ ಕೊಡ್ರಿ."

ಆತ ಕೇಳಿದ್ದು ಕಡಬು. ನಮ್ಮ ಕಡಬಲ್ಲ. ಶಿಲ್ಲಾಂಗಿನಲ್ಲಿ ಚೀನಿಯವನೊಬ್ಬನ ಪುಟ್ಟ ಹೋಟೆಲಿನಲ್ಲಿ ತಿನ್ನುತ್ತಿದ್ದನಂತೆ.

"ಮ್ಯಾಲಿಂದು ಕುದಿಸಿದಂಗ ಮೆತ್ತಗ ಇರ್ತೈತಿ. ತಳ ಮಾತ್ರ ಹಂಚಿಗಿ ಹಿಡದು ಕೆಂಪಗ ಆಗಿರ್ತೈತಿ," ಎಂದ. "ಅದೊಂದು ಸಿಕ್ಕ್ರ ತಿಂತೀನಿ."

ಎಷ್ಟೋ ದಿನದ ಮೇಲೆ ಆತ ಅಷ್ಟು ಮಾತಾಡಿದ್ದ. ಸತ್ಯವ್ವ ಮರುದಿನ ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದು ನಿಂತಳು. "ಅಕ್ಕಾರ, ಜಮಖಂಡ್ಯಾಗ ಚೀನಾದವರ ಹೋಟೆಲ್ ಐತೇನ್ರಿ?"

ಒಂದಿತ್ತು. ಅದರ ಬೋರ್ಡಿನ ಮೇಲೆ ಬೆಂಕಿಯುಗುಳುವ ಪ್ರಾಣಿಯ ಚಿತ್ರವಿತ್ತು, ನೋಡಿದರೆ ಗೋಡೆಯ ಹಲ್ಲಿಗೆ ನೆಗಡಿಯಾದಂತೆ ಕಾಣುತ್ತಿತ್ತು. ಮಾಲೀಕ ಉಡುಪಿ ಕಡೆಯವನು. ನಮ್ಮನ್ನು ಪರದೆಯ ಹಿಂದೆ ಕೂಡಿಸಿ, ಕೆಂಪು ರಸದಲ್ಲಿ ಮುಳುಗಿಸಿದ ಹೂಕೋಸು ತಂದಿಟ್ಟ. ಕಡಬು ಎಂದರೆ ನಕ್ಕ. ಸತ್ಯವ್ವ ನಗಲಿಲ್ಲ. ಮುಧೋಳದಲ್ಲಿ ಒಬ್ಬ ಸಮೋಸವನ್ನೇ ಚಪ್ಪಟೆ ಮಾಡಿ ಎಣ್ಣೆಯಲ್ಲಿ ಕರಿದು ಚೈನೀಸ್ ಎಂದು ಕೊಟ್ಟ. ಅದನ್ನು ಮನೆಗೆ ಒಯ್ದರೆ ಹಣಮಂತ ಕಣ್ಣಿನಲ್ಲೇ ಬೇಡವೆಂದ. ಬನಹಟ್ಟಿಯಲ್ಲಿ ನೇಕಾರರಿಗೆ ನೂಡಲ್ಸ್ ಮಾರುವ ಗಾಡಿಯವನು ಮಾತ್ರ ದಾರಿ ತೋರಿಸಿದ. ಜಮಖಂಡಿಯ ಒಂದು ಲಾಜಿನಲ್ಲಿ ನೇಪಾಳಿ ಅಡಿಗೆಯವನಿದ್ದಾನೆ, ಅವನಿಗೆ ಗೊತ್ತು ಎಂದ.

ನೇಪಾಳಿಗೆ ಗೊತ್ತಿತ್ತು. ಸತ್ಯವ್ವ ಅಂಗೈ ಮೇಲೆ ಬೆರಳಿನಿಂದ ಮೇಲಿನ ಮೆದು, ಕೆಳಗಿನ ಕೆಂಪು ತೋರಿಸುತ್ತಿದ್ದಂತೆ ಅವನ ಮುಖ ಅರಳಿತು. ಇವತ್ತು ಲಾಜಿನಲ್ಲಿ ಕೆಲಸ ಬಹಳ, ನಾಳೆ ಹಬ್ಬಕ್ಕೆ ಹೋಟೆಲು ಬಂದ್, ನಾಳೆ ಬನ್ನಿ ಎಂದ.

ಮರುದಿನ ಹೋದೆವು. ಮೈದಾಹಿಟ್ಟಿನ ಹಾಳೆಯೊಳಗೆ ಕೋಬೀಜು, ಗಜ್ಜರಿ, ಶುಂಠಿ ತುಂಬಿ ನೆರಿಗೆ ಹಿಡಿದು, ಹಸಿಯಾಗಿಯೇ ಡಬ್ಬಿಗೆ ಜೋಡಿಸಿ ಕೊಟ್ಟ. ಇಲ್ಲೇ ಬೇಯಿಸಿ ಒಯ್ದರೆ ದಾರಿಯಲ್ಲಿ ಚರ್ಮದಂತಾಗುತ್ತದೆ, ಹಸಿಯಾಗಿಯೇ ಇಟ್ಟುಕೊಂಡರೆ ಸಂಜೆಯೊಳಗೆ ನೀರು ಬಿಟ್ಟು ಹರಿಯುತ್ತದೆ ಎಂದು ಹೇಳಿಕೊಟ್ಟ. ಹಂಚು ಕಾಯಿಸಿ ಎಣ್ಣೆ ಸವರಿ ಇವನ್ನು ಕೂಡಿಸಬೇಕು, ತಳ ಹಿಡಿದ ಮೇಲೆ ನೀರು ಚಿಮುಕಿಸಿ ಮುಚ್ಚಬೇಕು, ನೀರು ಇಂಗಿದಾಗ ತೆಗೆಯಬೇಕು. ನಾವಿಬ್ಬರೂ ತಲೆಯಾಡಿಸಿದೆವು. ಒಬ್ಬಳಿಗೂ ಹೊಳೆಯಲಿಲ್ಲ ನೋಡಿ. ಬಸ್ಸು ಊರ ಹತ್ತಿರ ಬಂದು, ಬೇವಿನ ಮರದ ಜೋಕಾಲಿಯಲ್ಲಿ ಹೊಸ ಸೀರೆಯ ಹುಡುಗಿಯರು ಜೀಕುವುದು ಕಂಡಾಗ ಸತ್ಯವ್ವ ನನ್ನ ಕೈ ಹಿಡಿದಳು.

"ಅಕ್ಕಾರ, ಇವತ್ತ ಪಂಚಮಿ. ಹಂಚ ಇಡೂದ್ಹೆಂಗ್ರಿ?"

ನಾಗರ ಪಂಚಮಿಯಂದು ನಮ್ಮ ಕಡೆ ಒಲೆಯ ಮೇಲೆ ಹಂಚು ಏರಿಸುವುದಿಲ್ಲ, ಏನನ್ನೂ ಹೆಚ್ಚುವುದಿಲ್ಲ, ಕರಿಯುವುದಿಲ್ಲ. ಹಿಂದಿನ ದಿನವೇ ರೊಟ್ಟಿ ಬಡಿದಿಟ್ಟು, ಹಬ್ಬಕ್ಕೆ ಕುದಿಸಿದ ಕಡಬು ತಿನ್ನುತ್ತೇವೆ. ಹಂಚು ಕಾದರೆ ಹಾವಿನ ಹೆಡೆ ಸುಡುತ್ತದೆ ಎಂದು ನಂಬಿಕೆ. ಎಷ್ಟೋ ಮನೆಗಳಲ್ಲಿ ಅದು ಬರೀ ಪದ್ಧತಿ. ಸತ್ಯವ್ವನ ಮನೆಯಲ್ಲಿ ಹಾಗಲ್ಲ. ಅವಳ ಅತ್ತೆ ಯಂಕವ್ವನಿಗೆ ಹಣಮಂತನಿಗಿಂತ ಹಿರಿಯ ಮಗನೊಬ್ಬನಿದ್ದ, ಹುಲೆಪ್ಪ ಎಂದು. ಕುರಿ ಹಿಂಡಿನ ಜೊತೆ ಗಲಗಲಿ ಕಡೆ ಹೊರಟವನು ಪಂಚಮಿ ದಿನ ಬಿಸಿ ರೊಟ್ಟಿ ಬೇಡಿದ. ಮಗ ಬಾಯಿಬಿಟ್ಟು ಕೇಳಿದನೆಂದು ಯಂಕವ್ವ ಹಂಚಿಟ್ಟಳು. ಅದೇ ಸಂಜೆ ಹೊಳೆದಂಡೆಯ ಕುರಿದೊಡ್ಡಿಯಲ್ಲಿ ಹಾವು ಕಡಿದು ಸತ್ತ. ಆಮೇಲೆ ಆ ಮನೆಯಲ್ಲಿ ಪಂಚಮಿಯ ಹಿಂದಿನ ರಾತ್ರಿಯೇ ಹಂಚನ್ನು ಬೂದಿಯಿಂದ ತಿಕ್ಕಿ ಅಟ್ಟಕ್ಕೆ ಏರಿಸುತ್ತಾರೆ.

ನಾವು ಮನೆ ಸೇರಿದಾಗ ಯಂಕವ್ವ ಮಗನ ತಲೆಯ ಹತ್ತಿರ ಕೂತಿದ್ದಳು. ಬೆಳಿಗ್ಗೆಯಿಂದ ನೀರೂ ಇಳಿದಿಲ್ಲ ಎಂದಳು. ಸತ್ಯವ್ವ ಡಬ್ಬಿ ತೆರೆದು ತೋರಿಸಿದಳು. ಹಣಮಂತ ಕತ್ತು ಎತ್ತಲು ನೋಡಿದ, ಆಗಲಿಲ್ಲ. ಆದರೆ ಕಣ್ಣು ಡಬ್ಬಿಯ ಮೇಲೆಯೇ ನಿಂತಿತು.

ಹಂಚಿನ ಸುದ್ದಿಯನ್ನು ಸತ್ಯವ್ವ ಎತ್ತಲೇ ಇಲ್ಲ. ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಅರಿವೆ ಕಟ್ಟಿ, ಹಬ್ಬದ ಕಡಬಿನಂತೆ ನಾಲ್ಕನ್ನು ಉಗಿಯಲ್ಲಿ ಬೇಯಿಸಿದಳು. ಒಂದನ್ನು ಮುರಿದು ಗಂಡನ ಬಾಯಿಗಿಟ್ಟಳು. ಆತ ನಾಲಿಗೆ ತಾಗಿಸಿದ. ನಾವು ಮೂವರೂ ಆತನ ಗಂಟಲನ್ನೇ ನೋಡುತ್ತಿದ್ದೆವು. ಗಂಟಲು ಅಲುಗಲಿಲ್ಲ. ತುಂಡು ತುಟಿಯ ಮೂಲೆಯಿಂದ ದಿಂಬಿಗೆ ಜಾರಿತು. ಆತ ಗೋಡೆಗೆ ತಿರುಗಿದ.

ಸತ್ಯವ್ವ ಅಡಿಗೆಮನೆಗೆ ಬಂದು ಒಲೆಯ ಮುಂದೆ ಕುಕ್ಕರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. "ಡಬ್ಬಿ ಕೊಡು, ನಮ್ಮ ಮನಿ ಸ್ಟೋವ್ ಮ್ಯಾಲ ಮಾಡ್ಕೊಂಡ್ ಬರ್ತೀನಿ," ಎಂದೆ.

ಬಾಗಿಲಲ್ಲಿ ಯಂಕವ್ವ ನಿಂತಿದ್ದಳು. "ಯಾರ ಒಲಿ ಮ್ಯಾಲ ಇಟ್ರೂ ಉಣ್ಣಾಂವ ನನ್ನ ಮಗಾ ಅಲ್ಲೇನ್ ಅಕ್ಕಾರ?" ಎಂದಳು. ದನಿ ಏರಿರಲಿಲ್ಲ. "ಹುಲೆಪ್ಪಗ ರೊಟ್ಟಿ ಸುಟ್ಟಾಕಿ ನಾನು. ಅದನ್ನ ತಿಂದಾಂವ ಅವ. ಹಾವು ನನ್ನನ್ನ ಯಾಕ ಬಿಡ್ತು?"

ಹಾವಿಗೂ ಹಂಚಿಗೂ ಸಂಬಂಧವಿಲ್ಲ ಎಂದು ಸಾಲಿಯಲ್ಲಿ ಬಾಯಿ ನೋಯುವಂತೆ ಹೇಳುವವಳು ನಾನು. ಆ ಮುದುಕಿಯ ಎದುರು ಡಬ್ಬಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಸತ್ಯವ್ವ ಎದ್ದು ನಿಂತಳು. ಅತ್ತೆಯ ಎದುರು ಸೆರಗು ಸರಿಪಡಿಸದೆ ಮಾತಾಡಿದವಳಲ್ಲ, ಅವತ್ತು ಸೆರಗಿನ ಗೊಡವೆಯೇ ಇರಲಿಲ್ಲ. "ಅತ್ತಿ, ನಾಳೆ ತನಕ ಅವರು ಇರೂದಿಲ್ಲರಿ. ಹಾವು ಬಂದ್ರೂ ಬರಬಹುದು, ಬರದ ಇದ್ರೂ ಇರಬಹುದು. ಉಣ್ಣದಿದ್ರ ಮಾತ್ರ ಹೋಗೂದು ಖರೆ. ನಾ ಇಡ್ತೀನ್ರಿ ಹಂಚ."

"ಮುಟ್ಟಬ್ಯಾಡ," ಎಂದಳು ಯಂಕವ್ವ.

ಒಳಗಿನಿಂದ ಹಣಮಂತನ ನರಳಿಕೆ ಕೇಳಿತು. ಸತ್ಯವ್ವ ಅಟ್ಟದ ಏಣಿಗೆ ಕೈಯಿಟ್ಟಳು. ಮುದುಕಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅವಳು ಹೊಡೆಯುತ್ತಾಳೆ ಎಂದೇ ನಾನು ತಿಳಿದೆ. ಹೊಡೆಯಲಿಲ್ಲ. ಸೊಸೆಯನ್ನು ಪಕ್ಕಕ್ಕೆ ಸರಿಸಿ ತಾನೇ ಏಣಿ ಹತ್ತಿದಳು. ಮೊಣಕಾಲು ಹಿಡಿದು, ಒಂದೊಂದು ಮೆಟ್ಟಿಲಿಗೆ ನಿಂತು, ಹಂಚು ಇಳಿಸಿಕೊಂಡು ಬಂದಳು.

"ಹಂಚ ಇಟ್ಟ ಹೆಸರು ನಿನಗ ಬ್ಯಾಡ," ಎಂದಳು ಸೊಸೆಗೆ. "ನೀ ಹೊರಗಿನಿಂದ ಬಂದಾಕಿ. ಇದನ್ನ ನಾನ ಇಡಬೇಕು."

ಯಂಕವ್ವ ಒಲೆಯ ಮೇಲೆ ಹಂಚು ಇಟ್ಟಳು. ಹಂಚು ಕಲ್ಲಿಗೆ ತಾಗಿ ಕಟಕಟ ಸಪ್ಪಳ ಮಾಡಿತು. ಸತ್ಯವ್ವ ಎಣ್ಣೆ ಸವರಿ ಕಡಬು ಕೂಡಿಸಿದಳು. ಚುರ್ ಎಂದು ಹಿಡಿಯಿತು. ಆ ಸದ್ದಿಗೆ ಮುದುಕಿ ಕಣ್ಣು ಮುಚ್ಚಿ ಬೀರೇಶ್ವರನನ್ನು ನೆನೆದಳು. ಸತ್ಯವ್ವ ನೀರು ಚಿಮುಕಿಸಿ ತಾಟು ಮುಚ್ಚಿದಳು. ಮೂಲೆಯಲ್ಲಿ ಕಟ್ಟಿಗೆ ಸರಿದರೆ ಮೂವರೂ ಬೆಚ್ಚಿ ಆ ಕಡೆ ನೋಡಿದೆವು.

ತಾಟು ತೆಗೆದಾಗ ಎರಡು ಕಡಬು ಹಂಚಿಗೆ ಅಂಟಿ ಹರಿದಿದ್ದವು. ಉಳಿದವು ಎದ್ದು ಬಂದವು, ತಳ ಕೆಂಪಗೆ. ಸತ್ಯವ್ವ ಅವನ್ನು ಒಯ್ದು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆತ ವಾಸನೆಗೇ ಇತ್ತ ತಿರುಗಿದ. ಒಂದು ಚೂರು ಕಚ್ಚಿದ. ಗರಗರ ಅಂದಿತು. ಅಗಿದ, ನಿಲ್ಲಿಸಿದ, ಮತ್ತೆ ಅಗಿದ. ಗಂಟಲು ಮೇಲೆ ಹೋಗಿ ಕೆಳಗೆ ಬಂತು.

"ಅಲ್ಲಿನದರಂಗ ಇಲ್ಲ," ಎಂದ. ಮತ್ತೆ ಬಾಯಿ ತೆರೆದ.

ಸತ್ಯವ್ವ ತಿನ್ನಿಸುತ್ತಾ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಆತ ತಿಂದು ನೀರು ಕುಡಿದು ನಿದ್ದೆ ಹೋದ ಮೇಲೆಯೇ ಅವಳಿಗೆ ಅತ್ತೆಯ ನೆನಪಾದದ್ದು. ಹೊರಗೆ ಬಂದು ನೋಡಿದರೆ ಯಂಕವ್ವ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು, ಎರಡೂ ಬರಿಗಾಲುಗಳನ್ನು ಅಂಗಳಕ್ಕೆ ಚಾಚಿದ್ದಳು. ಅಂಗಳದ ಆಚೆ ಮುಳ್ಳುಬೇಲಿ, ಅದರ ಬುಡದಲ್ಲಿ ಹುತ್ತ. ಮುದುಕಿಯ ಕಣ್ಣು ಅಲ್ಲೇ ಇತ್ತು.

"ಏನ್ ಮಾಡಾಕತ್ತೀರಿ ಅತ್ತಿ?"

"ಹಾವು ಒಳಗ ಹೋಗಬೇಕಂದ್ರ ಈ ಹೊಸ್ತಿಲ ದಾಟೇ ಹೋಗಬೇಕಲ್ಲ," ಎಂದಳು ಯಂಕವ್ವ. "ಈ ಸಲ ನನ್ನನ್ನ ಕೇಳಿ ಹೋಗಲಿ. ನೀ ಗಂಡನ ಹಂತ್ಯಾಕ ಹೋಗ್ ಬೇ."

ಸತ್ಯವ್ವ ಹೋಗಲಿಲ್ಲ. ಹುತ್ತದ ಕಡೆ ನೋಡಿದಳು. ಆಮೇಲೆ ಸರಿಯಿರಿ ಎಂದು ಅತ್ತೆಯನ್ನು ತುಸು ಸರಿಸಿ, ಪಕ್ಕದಲ್ಲಿ ಕೂತು, ತನ್ನ ಕಾಲುಗಳನ್ನೂ ಅಂಗಳಕ್ಕೆ ಚಾಚಿದಳು.