ಕಂಬಳಿಯ ಮೇಲಿಟ್ಟ ಹಲ್ಲು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಟೀಚರಾಗಿದ್ದೆ. ಊರಿಗೆ ಎಂ.ಪಿ. ಸಾಹೇಬರು ಬರುತ್ತಾರೆಂದಾಗ ಎಲ್ಲರ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದ ಮನೆಯ ಕುರಿಗಾರನ ಹೆಂಡತಿಯೂ ಬಂದಳು. ತುಟಿ ಊದಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ.

"ನನ್ ಗಂಡ ಹೊಡಿಯಾದ್ನ ಬರೀರಿ, ಟೀಚರಮ್ಮ."

"ಮನೆ ಜಗಳ ದಿಲ್ಲಿಗೆ ಯಾಕಮ್ಮ? ಬೇರೆ ಏನಾದ್ರೂ ಕೇಳು" ಎಂದು ನಕ್ಕು ಕಳಿಸಿದೆ. ಗೋಡೆಯಾಚೆಯ ಸದ್ದು ದಿನವೂ ನನ್ನ ಕಿವಿಗೆ ಬೀಳುತ್ತಿತ್ತು. ಆದರೂ ನಕ್ಕೆ.

ಆ ಊರಿನ ಕುರಿಗಾರರಲ್ಲಿ ನ್ಯಾಯ ಹೇಳುವ ಹಿರಿಯರು ಕರಿ ಕಂಬಳಿಯ ಮೇಲೆ ಕೂರುತ್ತಾರೆ. ಅದರ ಮೇಲೆ ಕೂತವರು ದೂರು ಕೇಳದೆ ಏಳುವಂತಿಲ್ಲ. ಅಂದು ಮರ್ಯಾದೆಗೆಂದು ಅದೇ ಕಂಬಳಿ ಹಾಸಿ ಸಾಹೇಬರನ್ನು ಕೂರಿಸಿದರು. ಅವಳು ಗಂಡಸರ ನಡುವೆ ನುಗ್ಗಿ ಬಂದು, ಸೆರಗಿನ ಗಂಟು ಬಿಚ್ಚಿ, ಮುರಿದ ಹಲ್ಲನ್ನು ಅವರ ಮುಂದಿಟ್ಟಳು.

"ಕಂಬಳಿ ಮ್ಯಾಲೆ ಕುಂತೀರಿ. ನ್ಯಾಯ ಹೇಳ್ರಿ."

"ಏಳೇ, ಊರ ಮಾನ ಕಳೀಬ್ಯಾಡ" ಎಂದು ಹಿರಿಯರೊಬ್ಬರು ಗದರಿದರು. ಸಾಹೇಬರು ಕೈಯೆತ್ತಿ ಅವರನ್ನು ತಡೆದರು. ಬಗ್ಗಿ ಆ ಹಲ್ಲನ್ನು ನೋಡಿದರು.

"ಮನೆಯೊಳಗಿನ ಹೊಡೆತಕ್ಕೆ ಒಂದು ಕಾನೂನು ಯಾಕಿಲ್ಲ ಅಂತ ಪಾರ್ಲಿಮೆಂಟಿನಲ್ಲಿ ಕೇಳ್ತೀನಿ. ಈಯಮ್ಮನ ಅರ್ಜಿ ಕೊಡ್ರಿ."

ಅವಳು ತಿರುಗಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಅರ್ಜಿಗಳ ಕಟ್ಟಿನಲ್ಲಿ ಬೋರ್‌ವೆಲ್ ಇತ್ತು, ರಸ್ತೆ ಇತ್ತು, ನನ್ನ ಶಾಲೆಯ ಹೆಂಚೂ ಇತ್ತು.