ಅರ್ಧ ಹಿಡಿ ನುಚ್ಚಿನ ಕೂಸು

ನೀಲವ್ವ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುವವಳಲ್ಲ. ಕಣ್ಣು ಮುಚ್ಚಿ, ಕೂಸಿನ ಅಂಗಿಯನ್ನು ತಿರುವಿ, ಒಳಹೊಲಿಗೆಯನ್ನು ರೆಪ್ಪೆಯ ಮೇಲೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು. ರೆಪ್ಪೆ ಅದುರಿದರೆ ಮಾಲು ವಾಪಸ್. ಭಾಂಡುಪ್‌ನ ಆ ಮಕ್ಕಳ ಆಶ್ರಮಕ್ಕೆ ನಾನು ಮೊದಲ ಸಲ ಅಂಗಿ, ಲಂಗೋಟಿಗಳ ಗಂಟು ಹೊತ್ತು ಹೋದಾಗ, ಅಲ್ಲಿ ಆಯಾ ಆಗಿದ್ದ ಅವಳು ಅರ್ಧಕ್ಕರ್ಧ ಮಾಲನ್ನು ಹೀಗೇ ಬದಿಗೆ ತಳ್ಳಿದಳು.

"ಯಾವೂರವ ನೀ?" ಎಂದು ಕೇಳಿದಳು.

"ಗೋಕಾಕ ಕಡೆಯವ."

"ಅದಕ್ಕ ಮಾತು ಕರದಂಟು. ಮಾಲು ಮಾತ್ರ ಗರಗಸ."

ನನಗೆ ಸಿಟ್ಟು ಬರಲಿಲ್ಲ. ಫುಟ್‌ಪಾತಿನಿಂದ ಶುರುಮಾಡಿ ಗ್ರಾಂಟ್ ರೋಡಿನಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಕಾಂದಿವಲಿಯ ಕಾರ್ಖಾನೆಗಳಲ್ಲಿ ಉಳಿದ ಮಾಲನ್ನು ಚೌಕಾಸಿ ಮಾಡಿ ಎತ್ತುವುದೇ ನನ್ನ ಬಾಳು. ವ್ಯಾಪಾರಕ್ಕೆ ಕೂರುವವರಿಗೆ ಒಂದು ಮಾತು ಹೇಳುತ್ತೇನೆ: ಮಾಲನ್ನು ಹೊಗಳುವವನು ಚಹಾ ಕುಡಿದು ಎದ್ದು ಹೋಗುತ್ತಾನೆ, ಹಳಿಯುತ್ತ ನಿಂತವನೇ ಗಿರಾಕಿ. ನೀಲವ್ವ ಗಿರಾಕಿ ಎಂದು ನನಗೆ ಅಂದೇ ತಿಳಿಯಿತು.

ವಿಜಯಪುರದ ಕಡೆಯವಳು. ಗಂಡನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಮುಂಬೈಗೆ ಬಂದು, ಅವನು ತೀರಿದ ಮೇಲೆ ಆಶ್ರಮ ಸೇರಿದ್ದಳು. ಎತ್ತರದ ಆಳು, ಕಲ್ಲು ಹೊತ್ತು ಅಗಲವಾದ ಅಂಗೈ. ಕೂಸನ್ನು ಮುಟ್ಟುವ ಮೊದಲು ಆ ಕೈಗಳನ್ನು ಬಿಸಿನೀರಿನಲ್ಲಿ ತೊಳೆದು, ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಅವಳಿಗಿಂತ ಚಿಕ್ಕವನಾದ ನನ್ನನ್ನು "ತಮ್ಮಾ" ಎಂದೇ ಕರೆಯುತ್ತಿದ್ದಳು. ಒಮ್ಮೆ ಒಳಗಿನ ಅಳುವಿನ ಗದ್ದಲಕ್ಕೆ ನಾನು ಮುಖ ಕಿವುಚಿದಾಗ ಹೇಳಿದಳು: "ಅಳೂ ಕೂಸಿಗೆ ಅಂಜಬ್ಯಾಡೋ. ಅಳೂದು ಬಿಟ್ಟ ಕೂಸಿಗೆ ಅಂಜು. ಅದಕ್ಕ ಯಾರೂ ಬರೂದಿಲ್ಲಂತ ಗೊತ್ತಾಗಿರತೈತಿ."

ಅಂಥ ಕೂಸೊಂದನ್ನು ಅವಳೇ ಹೋಗಿ ತಂದಳು. ಹೊಸದಾಗಿ ಏಳುತ್ತಿದ್ದ ಬಿಲ್ಡಿಂಗೊಂದರ ತಗಡಿನ ಶೆಡ್ಡಿನಲ್ಲಿ ಬಾಣಂತಿಯೊಬ್ಬಳು ಜ್ವರದಿಂದ ಸತ್ತಿದ್ದಳು. ಗಂಡ ಹೆರಿಗೆಗೆ ಮುಂಚೆಯೇ ಸತ್ತವನು, ಬಂಧುಗಳ ಸುಳಿವಿಲ್ಲ. ಅಲ್ಲಿಯ ಕೂಲಿಯವರ ಕನ್ನಡ ತಿಳಿಯದೆ ಪೊಲೀಸರು ಆಶ್ರಮದಿಂದ ನೀಲವ್ವನನ್ನು ಕರೆದುಕೊಂಡು ಹೋದರು. ಹೆಣದ ಪಕ್ಕದಲ್ಲಿ, ಸಿಮೆಂಟ್ ಚೀಲದ ಮೇಲೆ ಹೆಣ್ಣುಕೂಸು ಮಲಗಿತ್ತು. ಅವಳು ಅದನ್ನು ಕುಪ್ಪಸದೊಳಗೆ ಎದೆಗೆ ಹಚ್ಚಿಕೊಂಡು ಜೀಪು ಹತ್ತಿದಳಂತೆ.

"ಜೀಪಿನ್ಯಾಗ ಅದರ ಉಸಿರ ನನಗ ಹತ್ತವಲ್ದು," ಎಂದು ಆಮೇಲೆ ಹೇಳಿದಳು. "ಅಂಗಾಲಿಗೆ ಚಿವುಟಿದ್ಯಾ. ಬೆಕ್ಕಿನ ಮರಿ ಹಂಗ ಒಂದ ದನಿ ಬಂತು. ಅದ ಕಡೀದು. ಆಮ್ಯಾಲ ದನೀನ ಇಲ್ಲ."

ಕೂಸು ಅಳಲಿಲ್ಲ, ಹಾಲನ್ನೂ ಸರಿಯಾಗಿ ಕುಡಿಯಲಿಲ್ಲ. ಆಸ್ಪತ್ರೆಗೆ ಹೋಯಿತು, ಬಂದಿತು, ಮತ್ತೆ ಹೋಯಿತು. ತೊಟ್ಟಿಲನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅದರ ಕಣ್ಣು ಬಾಗಿಲ ಕಡೆಗೇ ಹೊರಳುತ್ತಿತ್ತು. ನಾನೂ ನೋಡಿದ್ದೇನೆ. ಯಾರೂ ಇಲ್ಲದ ಬಾಗಿಲನ್ನು ಅದು ನೋಡುತ್ತಿದ್ದ ರೀತಿಗೆ ಪ್ರತಿ ಸಲ ತಿರುಗಿ ನೋಡುತ್ತಿದ್ದೆ.

"ಹಡದಾಕಿ ನಿಂತಾಳ," ಎಂದಳು ನೀಲವ್ವ. "ಕರಕೊಂಡ ಹೋಗಾಕ ಬಂದಾಳ. ಆಕಿ ತಪ್ಪೇನೈತಿ ಹೇಳು, ತನ್ನ ಕೂಸು ತಾ ಕೇಳ್ತಾಳ. ಆದ್ರ ನಾ ಕೊಡೂದಿಲ್ಲ." ನನ್ನ ಕಡೆ ತಿರುಗಿದಳು. "ತಮ್ಮಾ, ಇದನ್ನ ನಿನಗ ಮಾರತೀನಿ, ತಗೋ."

ನಮ್ಮ ಕಡೆ ಈ ಪದ್ಧತಿಯುಂಟು. ಉಳಿಯಲಾರದ ಕೂಸನ್ನು ಮೊರದಲ್ಲಿ ಹಾಕಿ, ಹೊರಗಿನವರೊಬ್ಬರಿಗೆ ಒಂದು ಹಿಡಿ ನುಚ್ಚಿಗೋ ತೌಡಿಗೋ ಮಾರುತ್ತಾರೆ. ಒಯ್ಯಲು ಬಂದ ಸತ್ತವರು ಅದು ಬೇರೆಯವರ, ಬೆಲೆಯಿಲ್ಲದ ಕೂಸು ಎಂದು ತಿಳಿದು ಹಿಂತಿರುಗುತ್ತಾರಂತೆ. ಸಾಕುವವಳು ಕೊಂಡವನ ಪರವಾಗಿ ಸಾಕುತ್ತಾಳೆ. ಕೂಸು ಗಟ್ಟಿಯಾದ ಮೇಲೆ ಅದೇ ಮೊರದಲ್ಲಿಟ್ಟು ಮರಳಿ ಕೊಳ್ಳಬೇಕು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಮುಂಬೈಯ ಆಶ್ರಮದಲ್ಲಿ ಕೂಸು ಮಾರುವ ಮಾತೆಂದರೆ ನೇರ ಜೈಲು.

"ಹುಚ್ಚ ಹಿಡದೈತೇನ ನಿನಗ? ಮ್ಯಾಲ ಕ್ಯಾಮೆರಾ ಐತಿ," ಎಂದೆ.

"ಬಟ್ಟಿ ಒಗಿಯೂ ಕ್ವಾಣ್ಯಾಗ ಇಲ್ಲ. ಬಾ. ನಿನ್ನಂಥಾ ಹಳಿಯೂ ಬಾಯಿ ಈ ಊರಾಗ ಇನ್ನೊಂದಿಲ್ಲ. ಆಕಿಗೆ ಕೇಳೂಹಂಗ ಹಳಿ."

ಮೊರವನ್ನೂ ಜೋಳದ ನುಚ್ಚನ್ನೂ ಅವಳೇ ಮನೆಯಿಂದ ತಂದಿಟ್ಟಿದ್ದಳು. ಮಧ್ಯಾಹ್ನದ ಹೊತ್ತು. ಒಗೆಯುವ ಕೋಣೆಯ ಬಾಗಿಲಿಗೆ ಅಡ್ಡವಾಗಿ ಒದ್ದೆ ಹಾಸಿಗೆವಸ್ತ್ರ ಒಣಗಲು ಹಾಕಿತ್ತು. ಮೊರದಲ್ಲಿ ಕೂಸು. ನಾನು ದನಿ ಎತ್ತಿದೆ.

"ಇದೇನ ಮಾಲ? ಕಾಲು ಕಡ್ಡಿ, ತಲಿ ತೆಂಗಿನಕಾಯಿ. ಬಣ್ಣ ಬಿಟ್ಟೈತಿ, ದನಿ ಇಲ್ಲ. ಪುಕ್ಕಟೆ ಕೊಟ್ಟರೂ ಬ್ಯಾಡ."

"ಹಂಗಂದ್ರ ಹೆಂಗ್ರಿ ಸಾವಕಾರ್ರ. ಒಂದ ಹಿಡಿ ಕೊಟ್ಟ ಒಯ್ರಿ."

"ಅರ್ಧ ಹಿಡಿ. ಮ್ಯಾಲ ಒಂದ ಕಾಳ ಇಲ್ಲ. ಇಂಥಾ ಮಾಲಿಗೆ ಯಾರ ಬರ್ತಾರ ಇಲ್ಲಿ?"

ಗಾಳಿ ಇರಲಿಲ್ಲ. ಆದರೂ ಆ ಒದ್ದೆ ಬಟ್ಟೆ ಯಾರೋ ಸರಿಸಿದ ಹಾಗೆ ಅಲುಗಿತು. ನೀಲವ್ವ ಮೊರಕ್ಕೆ ಅಡ್ಡ ನಿಂತಳು. ಬಟ್ಟೆ ಸರಿಸಿಕೊಂಡು ಒಳಗೆ ಬಂದವರು ಆಶ್ರಮದ ಮ್ಯಾಡಮ್.

"ಶೇಠ್, ಯೇ ಕ್ಯಾ ಚಲ್ ರಹಾ ಹೈ?"

"ಅಂಗೀಕಾ ನಾಪ್ ಲೇರಹಾ ಮ್ಯಾಡಮ್," ಎಂದು ಅಂಗಿಯ ಅಳತೆಯ ನೆಪ ಹೇಳಿದಳು ನೀಲವ್ವ, ಕಣ್ಣೆವೆ ಮಿಟುಕಿಸದೆ.

ಮ್ಯಾಡಮ್ ಮೊರ ನೋಡಿದರು, ನನ್ನ ಮುಷ್ಟಿಯಿಂದ ಉದುರುತ್ತಿದ್ದ ನುಚ್ಚು ನೋಡಿದರು, ಏನೂ ಕೇಳದೆ ಹೋದರು. ಅವರ ಅಜ್ಜಿಯ ಊರಿನಲ್ಲಿಯೂ ಮೊರಗಳಿದ್ದಿರಬೇಕು.

ಡಾಕ್ಟರ ಔಷಧವನ್ನು ನೀಲವ್ವ ಒಂದು ಹೊತ್ತೂ ತಪ್ಪಿಸಲಿಲ್ಲ. ಇದನ್ನು ಓದಿ ಯಾರೂ ಮೊರ ಹುಡುಕಬೇಡಿ, ಮೊದಲು ಆಸ್ಪತ್ರೆಗೆ ಓಡಿ. ನುಚ್ಚಿನಿಂದ ಏನಾಯಿತೋ ನಾನರಿಯೆ. ಕೆಲವು ದಿನಗಳ ಮೇಲೆ ಅಂಗಡಿಯಲ್ಲಿ ಗಿರಾಕಿಗಳು ಮುತ್ತಿರುವಾಗ ಅವಳ ಫೋನು ಬಂತು.

"ನಿನ್ನ ಮಾಲು ಒದರಾಕತ್ತೈತಿ, ಕೇಳು," ಎಂದು ಫೋನನ್ನು ಕೂಸಿನ ಬಾಯಿಗೆ ಹಿಡಿದಳು. ಕಿವಿ ಹರಿದುಹೋಗುವಂಥ ಅಳು. ಗಿರಾಕಿಗಳನ್ನು ಬಿಟ್ಟು ಅದು ಮುಗಿಯುವವರೆಗೂ ಕೇಳಿದೆ.

ಆಶ್ರಮದವರು ಕೂಸಿಗೆ ಒಂದು ಚಂದದ ಹೆಸರಿಟ್ಟಿದ್ದರು. ನೀಲವ್ವ ಮಾತ್ರ ತಿಪ್ಪವ್ವ ಎಂದಳು. ತಿಪ್ಪೆಯ ಹೆಸರಿನ ಕೂಸನ್ನು ಯಾರೂ ಬಯಸುವುದಿಲ್ಲ ಎಂಬ ಲೆಕ್ಕ. ಹಲ್ಲು ಬಂದವು. "ಮರಳಿ ತಗೋ ಇನ್ನ," ಎಂದು ನಾನು ಹೇಳಿದರೆ, "ಹೆಜ್ಜಿ ಇಡಲಿ, ಗಟ್ಟಿ ಆಗಲಿ. ಅಲ್ಲೀತನಕ ನಿಂದ ಇರಲಿ," ಎನ್ನುತ್ತಿದ್ದಳು. ನನ್ನ ಹೆಸರಿನಲ್ಲಿದ್ದಷ್ಟು ದಿನ ಕೂಸು ಕ್ಷೇಮ ಎಂದು ನಂಬಿದ್ದಳು. ಹೀಗೆ ಮುಂದೂಡುತ್ತಿರುವಾಗಲೇ ಒಡಹುಟ್ಟಿದ ತಮ್ಮನ ಮಗಳ ಮದುವೆಗೆ ಊರಿಗೆ ಹೋದಳು. ಬರುವಷ್ಟರಲ್ಲಿ ತೊಟ್ಟಿಲಲ್ಲಿ ಬೇರೆ ಕೂಸು ಇತ್ತು. ಕಾನೂನಿನಂತೆ ದಂಪತಿಯೊಬ್ಬರು ತಿಪ್ಪವ್ವನನ್ನು ದತ್ತು ತೆಗೆದುಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಆಯಾಗಳಿಗೆ ಹೇಳುವಂತಿಲ್ಲ.

ನೀಲವ್ವ ಅಳಲಿಲ್ಲ. ಹೋಗುವ ಮಕ್ಕಳನ್ನು ಅವಳು ಬಹಳ ಕಂಡಿದ್ದಳು. ಅವಳನ್ನು ತಿಂದದ್ದು ಬೇರೆಯೇ. ಒಂದು ದಿನ ಅಂಗಡಿಗೆ ಬಂದು ಗಂಟುಗಳ ನಡುವೆ ಕೂತಳು.

"ಆಕಿ ಮತ್ತ ಬರಾಕತ್ತಾಳೋ. ಒಗಿಯೂ ಕ್ವಾಣಿ ಬಾಗಲದಾಗ ನಿಂದರತಾಳ. ಸಿಟ್ಟಿಲ್ಲ, ಏನಿಲ್ಲ. ಕೂಸು ಎಲ್ಲೈತಿ ಅಂತ ಕೇಳ್ತಾಳ. ನಾ ಏನ ಹೇಳಲಿ? ಹಡದಾಕಿಗೆ ನಿನ್ನ ಕೂಸಲ್ಲ ಅಂತ ಸುಳ್ಳ ಹೇಳಿ ಕಳಿಸಿದಾಕಿ ನಾ."

ವ್ಯವಹಾರ ಮಾಡುವವನಾಗಿ ನಾನು ಸಮಾಧಾನದ ಮಾತು ಬಹಳ ಹೇಳಿದೆ. ಅವಳು ಕೇಳಿಸಿಕೊಂಡು ಎದ್ದು ಹೋದಳು. ಅಂದಿನಿಂದ ಬಾಗಿಲಿಗೆ ಬಟ್ಟೆ ಒಣಹಾಕುವುದನ್ನು ಬಿಟ್ಟಳು. ಹಡೆದವಳು ನೋಡುವುದಾದರೆ ತನ್ನನ್ನು ನೆಟ್ಟಗೆ ನೋಡಲಿ ಎಂದು.

ಕಡೆಯ ಸಲ ಕಂಡದ್ದು ಭಾಂಡುಪ್‌ನ ಚಾಳಿನ ಅವಳ ಖೋಲಿಯಲ್ಲಿ. ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಚಾಪೆಯ ಮೇಲೆ ಮಲಗಿದ್ದಳು. ಅಗಲವಾದ ಆ ಅಂಗೈಗಳಷ್ಟೇ ಮೊದಲಿನಂತೆ ಉಳಿದಿದ್ದವು. ನಾನು ಕೂತ ಮೇಲೆ ಅವಳ ಕಣ್ಣು ನನ್ನನ್ನು ದಾಟಿ ಬಾಗಿಲಿಗೆ ಹೋಯಿತು.

"ಬಂದಾಳ. ಕೇಳಾಕತ್ತಾಳ."

ನನಗೆ ಕೆಲಸ ಗೊತ್ತಿತ್ತು. ಬಾಗಿಲಿಗೆ ತಿರುಗಿ, "ಅದೇನ ಮಾಲ..." ಎಂದು ಶುರುಮಾಡಿದೆ. ನೀಲವ್ವ ನನ್ನ ಮೊಣಕಾಲು ಹಿಡಿದಳು.

"ಇವತ್ತ ಹಳೀಬ್ಯಾಡೋ ತಮ್ಮಾ. ನಾ ಮರಳಿ ತಗೊಳ್ಳಿಲ್ಲ, ಇನ್ನೂ ನಿಂದ ಐತಿ ಅದು. ನೀನ ಹೇಳಬೇಕು. ಹೆಂಗೈತಿ ಅಂತ ಹೇಳು ಆಕಿಗೆ."

ಕಣ್ಣಿಂದ ನೋಡದ ಮಾಲಿನ ಬಗ್ಗೆ ನಾನು ಬಾಳಿನಲ್ಲಿ ಮಾತಾಡಿದವನಲ್ಲ. ಆ ಹುಡುಗಿ ಯಾವ ಊರಿನಲ್ಲಿದ್ದಾಳೆ, ಯಾವ ಭಾಷೆ ಆಡುತ್ತಾಳೆ, ಇದ್ದಾಳೋ ಇಲ್ಲವೋ, ಏನೂ ತಿಳಿಯದು. ಬರಿಯ ಬಾಗಿಲಿಗೆ ಹೇಳಿದೆ: "ಆರಾಮ ಅದಾಳವ್ವಾ. ಕೂದಲ ಹೆಗಲಿನ ಮಟಾ ಬಂದೈತಿ."

"ಮತ್ತ?" ಎಂದಳು ನೀಲವ್ವ.

"ಸಾಲಿಗೆ ಹೊಂಟಾಳ. ಬಾಗಲ ಕಡೆ ನೋಡೂದ ಬಿಟ್ಟಾಳ."

"ಮತ್ತ?"

"ಭಾಳ ಚೆಂದ ಅದಾಳ."

ನೀಲವ್ವ ಕಣ್ಣು ಮುಚ್ಚಿದಳು. ಆ ವಾರ ದಾಟಲಿಲ್ಲ.

ಈಗಲೂ ಕೆಲವು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅಂಗಡಿಯ ಬಾಗಿಲಲ್ಲಿ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಯಾರೋ ನಿಂತ ಹಾಗೆ. ನಾನು ಬಿಲ್ಲು ಬರೆಯುವುದನ್ನು ನಿಲ್ಲಿಸಿ ತಿಪ್ಪವ್ವನ ವಯಸ್ಸು ಎಣಿಸುತ್ತೇನೆ. ಮೊನ್ನೆ ಹೇಳಿದೆ: "ಮುಂದಿನ ಎರಡು ಹಲ್ಲು ಬಿದ್ದಾವ. ಹೊಸಾವು ಬರ್ತಾವ."