ಬೆಕ್ಕು ಬರುವ ತನಕ ಕಾಯುವ ಆಶಾರಾಣಿ

ಆಶಾರಾಣಿ ಬೀಗ ತೆಗೆಯುತ್ತಾರೆ, ಆದರೆ ಬಾಗಿಲನ್ನು ಪೂರ್ತಿ ತೆರೆಯುವುದಿಲ್ಲ. ಒಂದು ಗೇಣು ಸರಿಸಿ, ಆ ಸಂದಿಗೆ ಮೊದಲು ತಮ್ಮ ಕೈಚೀಲ ಅಡ್ಡವಿಟ್ಟು, ಆಮೇಲೆ ಮೈ ಓರೆ ಮಾಡಿಕೊಂಡು ಒಳಗೆ ನುಸುಳುತ್ತಾರೆ. ಬಾಗಿಲು ಹಾಕಿಕೊಂಡ ಮೇಲೆಯೇ ಚಪ್ಪಲಿ ಬಿಡುವುದು. ಹೊರಗೆ ಕಾಡುಗೋಡಿಯ ಸಂತೆ ಬೀದಿಯಲ್ಲಿ ಹೂವಿನ ಬುಟ್ಟಿಗಳು ಈಗಷ್ಟೇ ಇಳಿಯುತ್ತಿವೆ. ಮೊದಲ ಮೆಟ್ರೊ ಹೊರಡುವ ಸದ್ದು ಕೇಳಿಸುತ್ತಿದೆ. ಈ ಮನೆಯಲ್ಲಿ ಬಾಡಿಗೆಗಿರುವ ನರ್ಸ್ ದೀಪಶ್ರೀ ಬೆಳಗಿನ ಪಾಳಿಗೆ ಆಗಲೇ ಹೊರಟುಹೋಗಿದ್ದಾರೆ. ಒಳಗೆ ಯಾರೂ ಇದ್ದಂತಿಲ್ಲ.

ಆಶಾರಾಣಿ ಯಾರನ್ನೂ ಕರೆಯುವುದಿಲ್ಲ. ನಡುಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಸೀರೆ ಸರಿಮಾಡಿಕೊಂಡು, ಗೋಡೆ ನೋಡುತ್ತಾ ಸುಮ್ಮನಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಸೋಫಾ ಪಕ್ಕದ ರಟ್ಟಿನ ಡಬ್ಬದಿಂದ ಎರಡು ಕಿವಿ ಮೇಲೇಳುತ್ತವೆ. ಅಚ್ಚು ಬೆಲ್ಲದ ಬಣ್ಣದ ಬೆಕ್ಕೊಂದು ಮೈಮುರಿದು ಹೊರಗೆ ಬಂದು, ಆಶಾರಾಣಿಯ ಬೆರಳು ಮೂಸಿ, ಮೊಣಕಾಲಿಗೆ ಕೆನ್ನೆ ಉಜ್ಜುತ್ತದೆ. ಅದರ ಹೆಸರೂ ಬೆಲ್ಲ ಎಂದೇ. ಆಗ ಮಾತ್ರ ಆಶಾರಾಣಿ ಅದರ ಗಲ್ಲ ಸವರುತ್ತಾರೆ.

"ನಾವಾಗಿ ಹೋಗಿ ಎತ್ಕೋಬಾರ್ದು. ಬರ್ಬೇಕು ಅನ್ನಿಸಿದ್ರೆ ಅದೇ ಬರುತ್ತೆ. ಅನ್ನಿಸ್ಲಿಲ್ಲ ಅಂದ್ರೆ ಇವತ್ತು ಬೇಡ ಅಂತ ಅರ್ಥ. ಮನುಷ್ಯರೂ ಹಂಗೇ ಅಲ್ವಾ" ಎನ್ನುತ್ತಾರೆ ಅವರು.

ಆಮೇಲೆ ಬೇಟೆ. ಒಂದು ಕಡ್ಡಿ, ಅದರ ತುದಿಗೆ ದಾರ, ದಾರಕ್ಕೆ ಹಳೆಯ ರವಿಕೆ ಬಟ್ಟೆಯ ಚೂರು. ಅದನ್ನು ಪರದೆಯ ಹಿಂದೆ ಹಲ್ಲಿಯಂತೆ ಸರಿಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಸರಿಸುತ್ತಾರೆ. ಬೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿ, ಹಿಂಗಾಲು ಆಡಿಸಿ, ಒಂದೇ ನೆಗೆತಕ್ಕೆ ಮೇಲೆ ಬೀಳುತ್ತದೆ. ಕಡೆಗೆ ಬಟ್ಟೆಯ ಚೂರು ಅದರ ಬಾಯಿಗೆ ಸಿಗುವಂತೆ ನೋಡಿಕೊಂಡು, ಆಮೇಲೆಯೇ ಆಶಾರಾಣಿ ಊಟದ ತಟ್ಟೆ ಇಡುತ್ತಾರೆ. "ಹಿಡಿಯೋಕೆ ಬಿಡ್ಬೇಕು. ಆಡ್ಸಿ ಆಡ್ಸಿ ಕೈಗೆ ಸಿಗದಂಗೆ ಮಾಡಿದ್ರೆ ಅದಕ್ಕೂ ಬೇಜಾರು. ಬೇಟೆ ಆಡ್ದೆ, ಹಿಡ್ದೆ, ಉಂಡೆ ಅಂತ ಇರ್ಬೇಕು. ಆಮೇಲೆ ನೋಡಿ, ಹೆಂಗೆ ಮಲ್ಕೊಳ್ಳುತ್ತೆ."

ಬೆಲ್ಲ ಉಣ್ಣುವಷ್ಟರಲ್ಲಿ ಅವರು ಅದು ಮಲಮೂತ್ರ ಮಾಡುವ ಮರಳಿನ ಟ್ರೇ ಶುದ್ಧ ಮಾಡುತ್ತಾರೆ, ನೀರು ಬದಲಿಸುತ್ತಾರೆ, ಕಿಟಕಿಯ ಹಲಗೆಯ ಮೇಲಿನ ಕೂದಲು ಒರೆಸುತ್ತಾರೆ. ಫಿನಾಯಿಲ್ ಮುಟ್ಟುವುದಿಲ್ಲ, ಆ ಘಾಟು ಬೆಕ್ಕಿಗೆ ಆಗುವುದಿಲ್ಲ. ಇಲ್ಲಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ತಮ್ಮ ಮನೆಗೆ ತಿರುಗಿ ಬಂದು ಅಡಿಗೆ, ಸಂಜೆ ಮತ್ತೆ ಅದೇ ಸುತ್ತು. ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಜನ ಊರಿಗೆ ಹೊರಟರೆ ಆಶಾರಾಣಿಗೆ ಕೂರಲು ಪುರುಸೊತ್ತಿಲ್ಲ.

ಆಶಾರಾಣಿ ಹುಟ್ಟಿದ್ದು ಸರ್ಜಾಪುರದ ಕಡೆಯ ರೈತರ ಮನೆಯಲ್ಲಿ. ಅಲ್ಲಿ ಬೆಕ್ಕು ಎಂದರೆ ರಾಗಿ ಕಣಜದ ಇಲಿ ಹಿಡಿಯುವ ಪ್ರಾಣಿ. ಅದಕ್ಕೆ ಹೆಸರಿರಲಿಲ್ಲ, ಮನೆಯೊಳಗೆ ಮಲಗುವ ಹಕ್ಕಂತೂ ಇರಲಿಲ್ಲ. ಮದುವೆಯಾಗಿ ಕಾಡುಗೋಡಿಗೆ ಬಂದರು. ಗಂಡ ಚಿರಂಜೀವಿ ಸಾಮಾನಿನ ಆಟೊ ಓಡಿಸುತ್ತಾರೆ. ಅತ್ತೆ ಪಿಳ್ಳಮ್ಮ ಇದೇ ಊರಿನ ಹಳೆಯ ಒಕ್ಕಲು ಮನೆತನದವರು. ಮನೆಯ ಖರ್ಚಿಗೆ ಕೈ ಕೂಡಿಸಲೆಂದು ಆಶಾರಾಣಿ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದರು. ವರ್ಷಗಟ್ಟಲೆ ಮಾಡಿದ ಮೇಲೆ ಒಂದು ದಿನ ಗುತ್ತಿಗೆ ಕೈ ಬದಲಾಯಿತು. ಹೊಸಬರು ಚಿಕ್ಕ ವಯಸ್ಸಿನವರೇ ಸಾಕು ಎಂದರು. ಯೂನಿಫಾರ್ಮ್ ಸೀರೆ ಮಡಿಸಿ ವಾಪಸು ಕೊಟ್ಟು ಗೇಟಿನ ಹತ್ತಿರ ನಿಂತಿದ್ದಾಗ ಕರೆದವರು ಮೊದಲನೇ ಮಹಡಿಯ ದೀಪಶ್ರೀ. "ಅಕ್ಕ, ನನಗೆ ಒಂದೊಂದು ವಾರ ಒಂದೊಂದು ಶಿಫ್ಟು. ಮನೇಲಿ ಬೆಕ್ಕೊಂದೇ ಇರುತ್ತೆ. ಬೆಳಿಗ್ಗೆ, ಸಾಯಂಕಾಲ ಬಂದು ನೋಡ್ಕೊಂಡು ಹೋಗ್ತೀರಾ?"

ಆಗ ಬೆಲ್ಲ ಆ ಮನೆಯಲ್ಲಿ ದೊಡ್ಡ ತಲೆನೋವಾಗಿತ್ತು. ದಿನ ಬಿಟ್ಟು ದಿನ ಹಾಸಿಗೆಯ ಮೇಲೆ ಉಚ್ಚೆ. ತಾನು ಕೆಲಸಕ್ಕೆ ಹೋಗುತ್ತೇನೆಂಬ ಸಿಟ್ಟಿಗೆ ಅದು ಹೀಗೆ ಸೇಡು ತೀರಿಸಿಕೊಳ್ಳುತ್ತಿದೆ ಎಂದು ದೀಪಶ್ರೀ ನಂಬಿದ್ದರು. ಆಶಾರಾಣಿಯೂ ಹೌದೆಂದೇ ತಲೆಯಾಡಿಸಿದ್ದರು. ಮನೆ ಮಾಲೀಕರು ಮಾತ್ರ ವಾಸನೆ ಹಿಡಿದು, ಬೆಕ್ಕನ್ನಾದರೂ ಕಳಿಸಿ ಇಲ್ಲವೇ ನೀವೇ ಮನೆ ಖಾಲಿ ಮಾಡಿ ಎಂದುಬಿಟ್ಟರು. ದೀಪಶ್ರೀ ಅತ್ತುಕೊಂಡೇ ಅದನ್ನು ಬೇರೆಯವರಿಗೆ ಕೊಡಲು ಹುಡುಕತೊಡಗಿದರು. ಕೊಡುವ ಮುನ್ನ ಒಮ್ಮೆ ತೋರಿಸೋಣವೆಂದು ಮಹದೇವಪುರದ ಪಶುವೈದ್ಯೆ ಮಹಾದೇವಿಯವರ ಹತ್ತಿರ ಒಯ್ದರು. ಡಾಕ್ಟರು ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ ಕೇಳಿದ್ದು, ಟ್ರೇ ಎಲ್ಲಿಟ್ಟಿದ್ದೀರಿ ಎಂದು.

ಟ್ರೇ ಇದ್ದದ್ದು ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಮನೆಗೆ ಬಂದು ದೀಪಶ್ರೀ, ಆಶಾರಾಣಿ ಇಬ್ಬರೂ ಅಲ್ಲೇ ಕೂತು ನೋಡಿದರು. ಬೆಲ್ಲ ಬಂತು, ಟ್ರೇಗೆ ಒಂದು ಕಾಲಿಟ್ಟಿತು, ಹೊರಗಿನ ಕಂಬಿಯ ಕಡೆ ದಿಟ್ಟಿಸಿ ಹಿಂದಕ್ಕೆ ಓಡಿತು. ಕಂಬಿಯಾಚೆ ಕಾಂಪೌಂಡ್ ಗೋಡೆಯ ಮೇಲೆ ಬೀದಿಯ ಕರಿ ಗಂಡುಬೆಕ್ಕೊಂದು ಕೂತಿತ್ತು. ಅದನ್ನು ಆಶಾರಾಣಿ ಗುಡಿಸುವಾಗ ಎಷ್ಟೋ ಸಲ ಓಡಿಸಿದ್ದರು, ಬೆಲ್ಲನಿಗೂ ಅದಕ್ಕೂ ಗಂಟು ಹಾಕಿ ಯೋಚಿಸಿರಲಿಲ್ಲ. "ಸೇಡೂ ಇಲ್ಲ, ಏನೂ ಇಲ್ಲ. ಹೆದರಿಕೆ ಅಷ್ಟೇ. ನಾವಿಬ್ರೂ ಸುಮ್ನೆ ಬೈಕೊಂಡ್ವಿ ಪಾಪ" ಎಂದು ಆಶಾರಾಣಿ ಇವತ್ತಿಗೂ ನೊಂದುಕೊಳ್ಳುತ್ತಾರೆ.

ಟ್ರೇ ಮಲಗುವ ಕೋಣೆಯ ಸದ್ದಿಲ್ಲದ ಮೂಲೆಗೆ ಹೋಯಿತು, ಊಟದ ತಟ್ಟೆ ಅದರಿಂದ ದೂರಕ್ಕೆ. ಕಂಬಿಗೆ ಆಶಾರಾಣಿ ರಟ್ಟು ಕಟ್ಟಿ ಮರೆ ಮಾಡಿದರು. ಚಿರಂಜೀವಿ ಗೋದಾಮಿನಿಂದ ಗಟ್ಟಿ ಡಬ್ಬ ತಂದುಕೊಟ್ಟರು, ಅವಿತುಕೊಳ್ಳಲು. ಮರದ ತುಂಡೊಂದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ನಿಲ್ಲಿಸಿದರು, ಸೋಫಾ ಬಿಟ್ಟು ಅದನ್ನು ಪರಚಲಿ ಎಂದು. ಮೇಲೆ ಹತ್ತಿ ಹೊರಗೆ ನೋಡುತ್ತಾ ಕೂರಲು ಕಿಟಕಿಗೆ ಒಂದು ಹಲಗೆಯನ್ನೂ ಹೊಡೆದರು. ಒಂದೇ ದಿನಕ್ಕೆ ಏನೂ ಆಗಲಿಲ್ಲ. ಆದರೆ ನಿಧಾನವಾಗಿ ಹಾಸಿಗೆ ಒಣಗಿಯೇ ಉಳಿಯಿತು. ಮಾಲೀಕರು ಮತ್ತೆ ಬಾಯಿ ತೆಗೆಯಲಿಲ್ಲ.

ಹೀಗೆ ಕೆಲಸದ ಮೇಲೆ ಆಸೆ ಹುಟ್ಟಿಕೊಂಡ ಹೊತ್ತಿಗೇ ಆ ದಿನ ಬಂತು. ಸಿಂಕು ಸೋರುತ್ತಿದೆಯೆಂದು ಪ್ಲಂಬರ್ ಬಂದಿದ್ದ. ದೀಪಶ್ರೀ ಆಸ್ಪತ್ರೆಯಲ್ಲಿದ್ದರು. ಆತ ಸಾಮಾನು ತರಲು ಹೊರಗೆ ಹೋದಾಗ ಬಾಗಿಲು ತೆರೆದೇ ಇತ್ತು. ಅಷ್ಟು ಹೊತ್ತಿನ ಸುತ್ತಿಗೆಯ ಸದ್ದಿಗೆ ಬೆಲ್ಲ ಬೆದರಿತ್ತು ಬೇರೆ. ಆಶಾರಾಣಿ ಅಡಿಗೆಮನೆಯಿಂದ ತಿರುಗಿ ನೋಡುವಷ್ಟರಲ್ಲಿ ಡಬ್ಬ ಖಾಲಿ.

"ಫೋನ್ ಮಾಡಿ ಮೇಡಂ ಅಂದೆ ಅಷ್ಟೇ. ಅವ್ರೇ, 'ಬೆಲ್ಲ ಹೋಯ್ತಾ ಅಕ್ಕ' ಅಂತ ಕೇಳಿದ್ರು" ಎಂದು ಆಶಾರಾಣಿ ನೆನೆಯುತ್ತಾರೆ.

ಪಾಳಿ ಮುಗಿಸಿ ದೀಪಶ್ರೀ ಓಡಿಬಂದರು. ಅಕ್ಕಪಕ್ಕದವರೂ ಸೇರಿ ಹೆಸರು ಹಿಡಿದು ಕೂಗುತ್ತಾ ಮಹಡಿ ಮಹಡಿ ಹುಡುಕಿದರು. ಡಾಕ್ಟರ್ ಮಹಾದೇವಿ ಫೋನಿನಲ್ಲಿ ಅದನ್ನೇ ತಡೆದರು. ಮನೆಯೊಳಗೆ ಬೆಳೆದ ಬೆಕ್ಕು ದೂರ ಹೋಗುವುದಿಲ್ಲ, ಹತ್ತಿರದಲ್ಲೇ ಉಸಿರು ಬಿಗಿಹಿಡಿದು ಕೂತಿರುತ್ತದೆ, ಕೂಗಿದಷ್ಟೂ ಒಳಗೆ ಸರಿಯುತ್ತದೆ ಎಂದರು. ಅದರ ಡಬ್ಬವನ್ನೂ ದೀಪಶ್ರೀ ತಲೆಯಿಟ್ಟು ಮಲಗಿದ, ಒಗೆಯದ ದಿಂಬಿನ ಚೀಲವನ್ನೂ ನೆಲಮಾಳಿಗೆಯಲ್ಲಿ ಇಡಲು ಹೇಳಿದರು. ಇಟ್ಟರು. ಮಾರನೆಯ ದಿನವೂ ಬೆಲ್ಲ ಬರಲಿಲ್ಲ. ಆಶಾರಾಣಿಗೆ ಊಟ ಸೇರಲಿಲ್ಲ. "ಒಂದು ಬೆಕ್ಕಿಗೆ ಇಂಗೆ ಅನ್ನ ಬುಟ್ಟು ಕುಂತವ್ಳಲ್ಲ" ಎಂದು ಪಿಳ್ಳಮ್ಮ ಗೊಣಗಿದರು.

ಅದರ ಮರುದಿನ ಬೆಳಕು ಹರಿಯುವ ಮುಂಚೆ ಆಶಾರಾಣಿ ಒಬ್ಬರೇ ನೆಲಮಾಳಿಗೆಗೆ ಇಳಿದು ಕಂಬಕ್ಕೊರಗಿ ಕೂತರು. ಜನರೇಟರ್ ಕೋಣೆಯ ಪಕ್ಕ ಹಳೆಯ ಬಾಗಿಲುಗಳನ್ನು ಒಟ್ಟಿದ್ದರು. ಅದರ ಸಂದಿಯಲ್ಲಿ ಎರಡು ಕಣ್ಣು ಹೊಳೆದವು. ಎದ್ದು ಓಡಿಹೋಗಿ ಎತ್ತಿಕೊಳ್ಳಬೇಕೆಂದು ಅವರ ಮೈಯೆಲ್ಲ ತವಕಿಸಿತು. ಆದರೆ ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಬೆಳಕು ಹರಿದ ಮೇಲೆ ಗಸ್ತಿಗೆ ಬಂದ ಸೆಕ್ಯೂರಿಟಿ ಸಿದ್ದಲಿಂಗಯ್ಯ ದೂರದಲ್ಲೇ ಅರ್ಥ ಮಾಡಿಕೊಂಡು, ವಾಕಿಟಾಕಿ ಆರಿಸಿ, ಇಳಿಜಾರಿನ ಮೇಲೆ ನಿಂತು, ಬೈಕು ತೆಗೆಯಲು ಬರುವವರನ್ನು ಕೈಸನ್ನೆಯಲ್ಲೇ ತಡೆದರು. ಆಫೀಸಿಗೆ ಹೊತ್ತಾಗುತ್ತದೆಂದು ಯಾರೂ ರೇಗಲಿಲ್ಲ. ಬೆಲ್ಲ ಒಂದು ಹೆಜ್ಜೆ ಮುಂದಿಟ್ಟಿತು, ನಿಂತಿತು, ದಿಂಬಿನ ಚೀಲ ಮೂಸಿತು. ಆಮೇಲೆ ತನ್ನ ಡಬ್ಬದೊಳಗೆ ತಾನೇ ಹೋಗಿ ಮುದುರಿ ಕೂತಿತು. ಆಶಾರಾಣಿ ರಟ್ಟಿನ ರೆಕ್ಕೆ ಮುಚ್ಚಿ, ಡಬ್ಬವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.

ಬೆಲ್ಲನನ್ನು ಕೆಳಗಿಳಿಸಿದ ಮೇಲೆ ಅವರು ಮನೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. "ನನ್ನಿಂದ ಆಗಲ್ಲ ಮೇಡಂ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ದೀಪಶ್ರೀ ಕೀಲಿಕೈ ಎತ್ತಿ ಅವರ ಅಂಗೈಗೇ ಇಟ್ಟರು. "ನಾಳೆ ನನಗೆ ಬೆಳಿಗ್ಗೆ ಶಿಫ್ಟು. ನೀವು ಬರ್ಲಿಲ್ಲ ಅಂದ್ರೆ ಇದಕ್ಕೆ ಯಾರಿದ್ದಾರೆ ಅಕ್ಕ? ಬಾಗಿಲಿಗೆ ಒಂದು ಜಾಲರಿ ಹಾಕಿಸೋಣ. ಕೂತ್ಕೊಳ್ಳಿ, ಮೊದ್ಲು ಕಾಫಿ ಕುಡೀರಿ."

"ಅವತ್ತು ಅವ್ರು ಕೀ ಇಸ್ಕೊಂಡಿದ್ರೆ ನಾನು ಇನ್ನೊಬ್ರ ಮನೆ ಬಾಗ್ಲು ತೆಗೀತಿರ್ಲಿಲ್ಲ. ಬೈದಿದ್ರೂ ಸಹಿಸ್ಕೋಬೋದಿತ್ತು. ಕಾಫಿ ಕೊಟ್ರು ನೋಡಿ, ಅಳು ತಡ್ಯೋಕಾಗ್ಲಿಲ್ಲ" ಎನ್ನುತ್ತಾರೆ ಆಶಾರಾಣಿ. ಜತೆಯ ನರ್ಸುಗಳಿಗೆ, ನೆರೆಯವರಿಗೆ ಅವರ ಹೆಸರು ಹೇಳಿದವರೂ ದೀಪಶ್ರೀಯೇ. "ಬೆಲ್ಲ ತಪ್ಪಿಸಿಕೊಂಡದ್ದನ್ನ ಎಲ್ಲರಿಗೂ ಹೇಳಿದೀನಿ, ಹುಡುಕಿದ್ದನ್ನೂ ಹೇಳಿದೀನಿ. ಆಸ್ಪತ್ರೇಲಿ ನಾನು ಇನ್ನೊಬ್ಬರ ಮನೆಯವರನ್ನ ನೆಮ್ಮದಿಯಾಗಿ ನೋಡ್ಕೊಳ್ಳೋಕೆ ಆಗೋದು, ನಮ್ಮನೇಲಿ ಅಕ್ಕ ಇದ್ದಾರೆ ಅಂತ" ಎನ್ನುತ್ತಾರೆ ಅವರು.

ಎಲ್ಲ ದಿನವೂ ಹಗುರವಲ್ಲ. ಇನ್ನೊಂದು ಮನೆಯಲ್ಲಿ ಹೆದರಿದ ಬೆಕ್ಕು ಕಚ್ಚಿ ಆಶಾರಾಣಿಯ ಮುಂಗೈ ಊದಿ, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಕೆಲಸ ಬಿಟ್ಟು ಕೂರಬೇಕಾಯಿತು. ಆಗ ಡಾಕ್ಟರ್ ಮಹಾದೇವಿ ತಾವೇ ಮನೆಗೆ ಬಂದು, ಬಾಲ ಹೇಗೆ ಬಡಿಯುತ್ತದೆ, ಕಿವಿ ಹೇಗೆ ಚಪ್ಪಟೆಯಾಗುತ್ತದೆ, ಯಾವಾಗ ಹಿಂದೆ ಸರಿಯಬೇಕು ಎಂದು ಸಾವಧಾನವಾಗಿ ಹೇಳಿಕೊಟ್ಟರು. ಮನೆ ಬದಲಿಸುವವರು ಬೆಕ್ಕನ್ನು ಬಿಟ್ಟುಹೋಗುವುದನ್ನು ಕಂಡಾಗ ಮಾತ್ರ ಆಶಾರಾಣಿಗೆ ಸಮಾಧಾನವಿಲ್ಲ. ಬಿಡುವವರನ್ನೂ ಅವರು ಪೂರ್ತಿ ದೂರುವುದಿಲ್ಲ. "ಬೆಕ್ಕಿದೆ ಅಂದ ತಕ್ಷಣ ನಮ್ಮ ಕಡೆ ಮನೆ ಬಾಡಿಗೆಗೆ ಕೊಡಲ್ಲ. ಅವ್ರು ತಾನೆ ಎಲ್ಲಿಗೆ ಹೋಗ್ತಾರೆ? ಒಂದು ಕಿಟಕಿ, ಒಂದು ಮೂಲೆ ಸಾಕು ಅದಕ್ಕೆ. ಇಷ್ಟು ಜಾಗ ಇದೆ ಅಂತ ಮನೆ ಇರೋರು ಅಂದ್ರೆ ಸಾಕು. ನನಗೆ ಬೇರೆ ಆಸೆ ಇಲ್ಲ."

ಪಿಳ್ಳಮ್ಮನ ಮನೆಯ ಮಹಡಿಯ ಮೇಲೆ ಬಾಡಿಗೆ ಕೋಣೆಗಳಿವೆ. ನಾಯಿ ಬೆಕ್ಕು ಸಾಕುವವರನ್ನು ಅವರು ಗೇಟಿನಿಂದಲೇ ಕಳಿಸುತ್ತಿದ್ದವರು. ಸೊಸೆ ಏನು ಮಾಡುತ್ತಾಳೆಂದು ನೆಂಟರು ಕೇಳಿದರೆ "ಅಪಾರ್ಟ್‌ಮೆಂಟಾಗೆ ಕೆಲಸ" ಎಂದು ಮಾತು ತೇಲಿಸುತ್ತಿದ್ದರು. ಈ ತಿಂಗಳು ಒಂದು ಕೋಣೆ ಖಾಲಿಯಾಯಿತು. ನೋಡಲು ಬಂದವಳು ಕಾರ್ಖಾನೆಯಲ್ಲಿ ಕೆಲಸ ಮಾಡುವ ವೇಣಿ ಎಂಬ ಹುಡುಗಿ. ಕೋಣೆಯೆಲ್ಲ ನೋಡಿ ಮುಗಿಸಿ, ಹೊರಡುವ ಹೊತ್ತಿಗೆ, ತನ್ನ ಹತ್ತಿರ ಒಂದು ಬೆಕ್ಕಿದೆ ಎಂದು ಅಳುಕಿನಿಂದಲೇ ಹೇಳಿದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಆಶಾರಾಣಿ ಕೈ ನಿಲ್ಲಿಸಿದರು. ಅತ್ತೆಯ ಮನೆ, ಅತ್ತೆಯ ಮಾತು. ಎದ್ದು ಹೋಗಲಿಲ್ಲ.

"ಅಂಗಾದ್ರೆ ಈ ರೂಮು ಬ್ಯಾಡ" ಎಂದರು ಪಿಳ್ಳಮ್ಮ. ವೇಣಿ ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದಳು. ಪಿಳ್ಳಮ್ಮ ಸೊಂಟದ ಕೀಲಿಗೊಂಚಲು ಬಿಚ್ಚಿದರು. "ಮೂಲೆ ರೂಮ್ನಾಗೆ ನನ್ ಸಾಮಾನವೆ, ತೆಗುಸ್ಕೊಡ್ತೀನಿ. ಅಲ್ಲಿ ಕಿಟಕಿ ಅಗ್ಲ, ಬಿಸ್ಲು ಬೀಳ್ತದೆ. ಬೆಕ್ಕಿಗೆ ಕುಂತ್ಕಂಡು ನೋಡಾಕೆ ಬೇಕಂತಲ್ಲ."

ವೇಣಿ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತಳು. "ಅಜ್ಜಿ, ನಿಮ್ಮನೇಲೂ ಬೆಕ್ಕು ಸಾಕಿದೀರಾ?"

"ನಾನೆಲ್ಲಿ ಸಾಕಲಿ. ನನ್ ಸೊಸೆ ಬೆಕ್ಕು ನೋಡ್ಕೊಳ್ಳೋಳು. ಕಾಡುಗೋಡೀಲಿ ಯಾರುನ್ನಾದ್ರೂ ಕೇಳು, ಏಳ್ತಾರೆ."